ಸ್ಟೆಪ್ನಿ ಇಲ್ಲದ ಕಾರು, ಜಾಲಿ ಮುಳ್ಳಿನ ದಾರಿ

ಕಾರಿನ ಡಿಕ್ಕಿಯಲ್ಲಿ ಐದನೆಯ ಚಕ್ರವೊಂದು ಇರಲೇಬೇಕೆಂಬ ಕಟ್ಟುಪಾಡು ಭಾರತದಲ್ಲಿ 2020ರ ಅಕ್ಟೋಬರ್‌ನಿಂದ ಸಡಿಲಗೊಂಡಿದೆ. ಆ ವರ್ಷದ ಜುಲೈನಲ್ಲಿ ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯವು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ, ಒಟ್ಟು ತೂಕ 3.5 ಟನ್ ಮೀರದ ಪ್ರಯಾಣಿಕ ಕಾರಿಗೆ ಟ್ಯೂಬ್‌ಲೆಸ್ ಟೈರು, ಟೈರಿನೊಳಗಿನ ಗಾಳಿಯ ಒತ್ತಡವನ್ನು ಚಾಲಕನಿಗೆ ತಿಳಿಸುವ ಸಾಧನ ಮತ್ತು ಪಂಕ್ಚರ್ ದುರಸ್ತಿಯ ಕಿಟ್ ಈ ಮೂರನ್ನೂ ಒದಗಿಸಿದರೆ ತಯಾರಕರು ಸ್ಟೆಪ್ನಿ ಕೊಡಬೇಕಾಗಿಲ್ಲ. ಬ್ಯಾಟರಿಗೆ ಜಾಗ ಬೇಕಾದ ವಿದ್ಯುತ್ ಕಾರುಗಳಿಗೂ, ಸಿಲಿಂಡರು ಡಿಕ್ಕಿಯನ್ನು ಆಕ್ರಮಿಸುವ ಸಿಎನ್‌ಜಿ ಕಾರುಗಳಿಗೂ ಇದರಿಂದ ಅನುಕೂಲವಾಯಿತು. ಹದಿನೈದು ಕಿಲೋ ಆಸುಪಾಸಿನ ಚಕ್ರವೊಂದು ಕಡಿಮೆಯಾದರೆ ಕಾರಿನ ತೂಕವೂ ಅಷ್ಟು ಇಳಿಯುತ್ತದೆ, ತಯಾರಿಕೆಯ ವೆಚ್ಚವೂ ಇಳಿಯುತ್ತದೆ. ಸ್ಟೆಪ್ನಿಯ ಬದಲು ಸಿಗುವ ಕಿಟ್ ಯಾವ ಬಗೆಯ ರಸ್ತೆಗೆ ಒಪ್ಪುತ್ತದೆ ಎಂಬ ಪ್ರಶ್ನೆಗೆ ಮಾತ್ರ ನಿಯಮದಲ್ಲಿ ಉತ್ತರವಿಲ್ಲ, ಅದನ್ನು ಕಾರು ಕೊಂಡವರೇ ಹುಡುಕಿಕೊಳ್ಳಬೇಕು.

ಕಿಟ್‌ನಲ್ಲಿ ಸಾಮಾನ್ಯವಾಗಿ ಎರಡು ವಸ್ತುಗಳಿರುತ್ತವೆ. ಒಂದು, ಕಾರಿನ 12 ವೋಲ್ಟ್ ಸಾಕೆಟ್‌ಗೆ ಸಿಕ್ಕಿಸಿ ಗಾಳಿ ತುಂಬಬಹುದಾದ ಪುಟ್ಟ ಕಂಪ್ರೆಸರ್. ಇನ್ನೊಂದು, ಸೀಲೆಂಟ್ ಎಂದು ಕರೆಯಲಾಗುವ ದ್ರವದ ಬಾಟಲಿ. ರಬ್ಬರಿನ ಹಾಲಿನಂಥ ಅಂಟು ದ್ರವದಲ್ಲಿ ಸಣ್ಣ ನಾರುಗಳನ್ನು ಬೆರೆಸಿ ತಯಾರಿಸುವ ಈ ಸೀಲೆಂಟನ್ನು ವಾಲ್ವಿನ ಮೂಲಕ ಟೈರಿನೊಳಗೆ ತಳ್ಳಿ, ಗಾಳಿ ತುಂಬಿ, ಕೂಡಲೇ ಕೆಲವು ಕಿಲೋಮೀಟರ್ ನಿಧಾನವಾಗಿ ಓಡಿಸಿದಾಗ, ಸೋರುವ ಗಾಳಿಯ ಜೊತೆಗೇ ರಂಧ್ರದತ್ತ ನುಗ್ಗುವ ದ್ರವವು ಅಲ್ಲಿ ಗಟ್ಟಿಯಾಗಿ ಬಿರಡೆಯಂತೆ ಕೂರುತ್ತದೆ. ರಸ್ತೆಗೆ ತಾಗುವ ಭಾಗದಲ್ಲಿ, ಅಂದರೆ ಗೆರೆಗಳಿರುವ ತಳದಲ್ಲಿ, ನಾಲ್ಕರಿಂದ ಆರು ಮಿಲಿಮೀಟರ್ ಒಳಗಿನ ರಂಧ್ರವಾದರೆ ಮಾತ್ರ ಈ ಉಪಾಯ ಫಲಿಸುತ್ತದೆ. ಟೈರಿನ ಪಕ್ಕೆ ಹರಿದಿದ್ದರೆ, ರಿಮ್ಮು ಬಗ್ಗಿ ಅಂಚಿನಿಂದ ಗಾಳಿ ಸೋರುತ್ತಿದ್ದರೆ ಬಾಟಲಿ ಎಷ್ಟು ಸುರಿದರೂ ವ್ಯರ್ಥ. ಬಾಟಲಿಯೂ ಒಂದೇ, ಸಾಲುವುದೂ ಒಂದೇ ಟೈರಿಗೆ.

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ರಸ್ತೆಗಳನ್ನು ನೋಡಿದರೆ ಈ ಮಿತಿಗಳ ಅರ್ಥ ಸ್ಪಷ್ಟವಾಗುತ್ತದೆ, ಏಕೆಂದರೆ ಒಂದೇ ಜಿಲ್ಲೆಯೊಳಗೆ ಟೈರು ಕೆಡುವ ಬಗೆ ಊರಿಂದೂರಿಗೆ ಬೇರೆಯಾಗುತ್ತದೆ. ಮಳೆ ಕಡಿಮೆಯ ಜಗಳೂರು ಸೀಮೆಯಲ್ಲಿ ಕೆರೆಯಂಗಳಗಳನ್ನೂ ರಸ್ತೆ ಬದಿಯನ್ನೂ ಬಳ್ಳಾರಿ ಜಾಲಿ ಆವರಿಸಿಕೊಂಡಿದೆ; ಬೇಲಿಗೆಂದೋ ಸೌದೆಗೆಂದೋ ಕಡಿದು ಟ್ರ್ಯಾಕ್ಟರಿನಲ್ಲಿ ಸಾಗಿಸುವಾಗ ಉದುರುವ ಕೊಂಬೆಗಳ ಮುಳ್ಳು ಟೈರಿನ ತಳವನ್ನು ಸಲೀಸಾಗಿ ಹೊಕ್ಕು, ತುದಿ ಮುರಿದು ಒಳಗೇ ಉಳಿದು, ದಿನಗಟ್ಟಲೆ ಸ್ವಲ್ಪಸ್ವಲ್ಪವೇ ಗಾಳಿ ಬಿಡುತ್ತದೆ. ರಂಧ್ರ ಚಿಕ್ಕದಾದ್ದರಿಂದ ಸೀಲೆಂಟಿಗೆ ಇದು ಹೇಳಿ ಮಾಡಿಸಿದ ಗಾಯವೇ. ಆದರೆ ಒಂದೇ ಕೊಂಬೆಯ ಮೇಲೆ ಮುಂದಿನ ಚಕ್ರವೂ ಹಿಂದಿನ ಚಕ್ರವೂ ಹಾದಿದ್ದರೆ, ಒಂದು ಟೈರಿಗೆ ಬಾಟಲಿ ಖಾಲಿಯಾದ ಮೇಲೆ ಇನ್ನೊಂದಕ್ಕೆ ಏನೂ ಉಳಿಯುವುದಿಲ್ಲ. (ಸ್ಟೆಪ್ನಿ ಇದ್ದವರ ಪಾಡೂ ಇಲ್ಲಿ ಹೆಚ್ಚು ಬೇರೆಯಲ್ಲ ಎಂಬುದನ್ನು ಒಪ್ಪಬೇಕು.)

ಭದ್ರಾ ನಾಲೆಯ ನೀರು ಹರಿಯುವ ಚನ್ನಗಿರಿ, ಹೊನ್ನಾಳಿ ಭಾಗದ ಸಮಸ್ಯೆ ಇನ್ನೊಂದು ತರಹದ್ದು. ಗದ್ದೆಯ ಕೆಸರು ಹದ ಮಾಡಲು ಟ್ರ್ಯಾಕ್ಟರಿಗೆ ತೊಡಿಸಿದ ಕಬ್ಬಿಣದ ಪಂಜರ ಚಕ್ರಗಳನ್ನು ಬಿಚ್ಚದೆ ಟಾರು ರಸ್ತೆಯ ಮೇಲೆಯೇ ಓಡಿಸಿದಾಗ ರಸ್ತೆಯ ಮೈ ಕಿತ್ತುಬರುತ್ತದೆ, ಮೊದಲ ಮಳೆಗೆ ಆ ಗೀರುಗಳು ಗುಂಡಿಗಳಾಗುತ್ತವೆ. ಗುಂಡಿಯ ಚೂಪು ಅಂಚಿಗೂ ರಿಮ್ಮಿಗೂ ನಡುವೆ ಸಿಕ್ಕಿದ ಟೈರಿನ ಪಕ್ಕೆಯೊಳಗೆ ದಾರಗಳು ತುಂಡಾಗಿ ಅಲ್ಲಿ ಬುಗ್ಗೆ ಏಳುತ್ತದೆ ಅಥವಾ ಪಕ್ಕೆಯೇ ಸೀಳುತ್ತದೆ. ಸುಗ್ಗಿಯಲ್ಲಿ ರಸ್ತೆಯ ಮೇಲೆ ಹರಡಿದ ಮೆಕ್ಕೆಜೋಳದ ಸುತ್ತ ಕಾವಲಿಗೆ ಇಟ್ಟು, ರಾಶಿ ಎತ್ತಿದ ಮೇಲೂ ಅಲ್ಲೇ ಬಿಟ್ಟ ಕಲ್ಲುಗಳಿಂದ, ಅದರಲ್ಲೂ ರಾತ್ರಿಯಲ್ಲಿ, ಆಗುವ ಪೆಟ್ಟೂ ಇದೇ ಬಗೆಯದು. ಕಿಟ್ ಕೈಬಿಡುವುದು ಇಂಥ ಕಡೆಯಲ್ಲಿಯೇ. ಎತ್ತಿನ ಲಾಳದಿಂದ ಕಳಚಿ ಬಿದ್ದ ಮೊಳೆಯನ್ನು ಸಂಭಾಳಿಸಬಲ್ಲ ಬಾಟಲಿಗೆ ಸೀಳಿದ ಪಕ್ಕೆಯನ್ನು ಮುಚ್ಚುವ ಶಕ್ತಿಯಿಲ್ಲ.

ಹೀಗಿರುವಾಗ ಸ್ಟೆಪ್ನಿ ಇಲ್ಲದ ಕಾರಿನ ಚಾಲಕನಿಗೆ ಬೇಕಾದ ಮೊದಲ ಗುಣ ಬೇಗ ನಿಲ್ಲಿಸುವುದು. ಗಾಳಿಯಿಲ್ಲದ ಟೈರಿನ ಮೇಲೆ ಕಾರು ಓಡಿದಷ್ಟೂ ಅದರ ಪಕ್ಕೆ ಮಡಚಿ ಮಡಚಿ ಕಾಯುತ್ತದೆ, ಒಳಮೈಯ ರಬ್ಬರು ತೇಯ್ದು ಪುಡಿಯಾಗುತ್ತದೆ, ಮತ್ತು ಒಂದು ಸಣ್ಣ ಮೊಳೆಯ ರಂಧ್ರದಿಂದ ಶುರುವಾದ ತೊಂದರೆ ಇಡೀ ಟೈರನ್ನೇ ಎಸೆಯುವಲ್ಲಿಗೆ ಮುಟ್ಟುತ್ತದೆ. ಸ್ಟೆಪ್ನಿ ಇದ್ದವರು ಟೈರು ಕಳೆದುಕೊಂಡರೂ ಊರು ತಲುಪುತ್ತಾರೆ. ಇಲ್ಲದವರಿಗೆ ಆ ಟೈರೇ ಊರಿನ ದಾರಿ. ಒತ್ತಡ ತಿಳಿಸುವ ಸಾಧನವನ್ನು ನಿಯಮವು ಕಿಟ್‌ನೊಡನೆ ಜೋಡಿಸಿರುವುದು ಇದಕ್ಕಾಗಿಯೇ. ಈ ಸಾಧನದಲ್ಲಿ ಎರಡು ಬಗೆ: ಚಕ್ರದೊಳಗೆ ವಾಲ್ವಿನ ಬಳಿ ಕುಳಿತು ಒತ್ತಡವನ್ನು ನೇರವಾಗಿ ಅಳೆಯುವ ಸೆನ್ಸರ್ ಒಂದು, ಗಾಳಿ ಇಳಿದ ಚಕ್ರ ಉಳಿದವುಗಳಿಗಿಂತ ತುಸು ವೇಗವಾಗಿ ತಿರುಗುವುದನ್ನು ಬ್ರೇಕ್ ವ್ಯವಸ್ಥೆಯ ಸೆನ್ಸರ್‌ಗಳಿಂದ ಗ್ರಹಿಸಿ ದೀಪ ಹೊತ್ತಿಸುವುದು ಇನ್ನೊಂದು. ಎರಡನೆಯದಕ್ಕೆ ಹೋಲಿಕೆಯೇ ಆಧಾರವಾದ್ದರಿಂದ ನಾಲ್ಕೂ ಟೈರುಗಳ ಗಾಳಿ ಒಟ್ಟಿಗೆ ಇಳಿದರೆ ಅದು ಸುಮ್ಮನಿರುತ್ತದೆ. ಹಾಗಾಗಿ ಹದಿನೈದು ದಿನಕ್ಕೊಮ್ಮೆ ಗಾಳಿ ನೋಡಿಸುವ ಹಳೆಯ ಅಭ್ಯಾಸವನ್ನು ಹೊಸ ಸಾಧನವೂ ತಪ್ಪಿಸಲಾರದು.

ಮೊಳೆ ಚುಚ್ಚಿರುವುದು ಕಂಡರೆ ಅದನ್ನು ಕೂಡಲೇ ಕಿತ್ತೆಸೆಯಬಾರದು. ಟ್ಯೂಬ್‌ಲೆಸ್ ಟೈರಿನ ಒಳಮೈಯಲ್ಲಿ ಗಾಳಿ ಹಿಡಿದಿಡುವ ಬ್ಯುಟೈಲ್ ಜಾತಿಯ ರಬ್ಬರಿನ ಪದರವಿದ್ದು, ಅದು ಚುಚ್ಚಿದ ಮೊಳೆಯನ್ನು ಬಿಗಿಯಾಗಿ ಅಪ್ಪಿಕೊಳ್ಳುವುದರಿಂದ ಗಾಳಿ ಹೋಗುವುದು ನಿಧಾನ. ಅಂಥ ಹೊತ್ತಿನಲ್ಲಿ ಸೀಲೆಂಟ್ ಸುರಿಯುವ ಅವಸರವೂ ಬೇಡ. ಎಂಜಿನ್ ಚಾಲೂ ಇಟ್ಟು ಕಂಪ್ರೆಸರಿನಿಂದ ಕಾರಿನ ಬಾಗಿಲ ಪಟ್ಟಿಯಲ್ಲಿ ಬರೆದಷ್ಟು ಗಾಳಿ ತುಂಬಿ, ಹತ್ತು ನಿಮಿಷ ನಿಂತು ಎಷ್ಟು ಇಳಿಯಿತೆಂದು ನೋಡಿದರೆ ಮುಂದಿನ ಲೆಕ್ಕ ಸಿಗುತ್ತದೆ. ಹೊನ್ನಾಳಿಯಿಂದ ಶಿವಮೊಗ್ಗಕ್ಕೆ ಸುಮಾರು 40 ಕಿಲೋಮೀಟರ್. ಹತ್ತು ನಿಮಿಷಕ್ಕೆ ಒಂದೆರಡು ಪಿಎಸ್‌ಐ ಮಾತ್ರ ಇಳಿಯುವ ಟೈರಾದರೆ ನಡುವೆ ಒಂದೆರಡು ಕಡೆ ನಿಲ್ಲಿಸಿ ಗಾಳಿ ತುಂಬಿಕೊಂಡು ನಿಧಾನಗತಿಯಲ್ಲಿ ಆ ದೂರವನ್ನು ದಾಟಬಹುದು. ಗಾಳಿ ನಿಲ್ಲದಿದ್ದರೆ ಆಗ ಬಾಟಲಿ. ಅದನ್ನು ಬಳಸಿದ ಮೇಲೂ ಗಂಟೆಗೆ 80 ಕಿಲೋಮೀಟರ್ ಮೀರಬಾರದು. ಕಂಪ್ರೆಸರು ಹತ್ತು ನಿಮಿಷ ಓಡಿದರೂ ಒತ್ತಡ ಏರದಿದ್ದರೆ ಕಾರನ್ನು ಕದಲಿಸದೆ ಲಾರಿಯಲ್ಲಿ ಸಾಗಿಸುವ ವ್ಯವಸ್ಥೆ ಮಾಡಬೇಕು. ರಾಷ್ಟ್ರೀಯ ಹೆದ್ದಾರಿಯಲ್ಲಾದರೆ ಸಹಾಯವಾಣಿ 1033ಕ್ಕೆ ಕರೆ ಮಾಡಬಹುದು. ತಾಲ್ಲೂಕಿನ ಒಳರಸ್ತೆಗಳಿಗೆ ಆ ಸೌಲಭ್ಯವಿಲ್ಲದ ಕಾರಣ ಊರಿನ ಪಂಕ್ಚರ್ ಅಂಗಡಿಯವರ ಮೊಬೈಲ್ ಸಂಖ್ಯೆಯೇ ಹೆಚ್ಚು ಉಪಯುಕ್ತ.

ಪಂಕ್ಚರ್ ಅಂಗಡಿಗಳಲ್ಲಿ ನಡೆಯುವ ಸ್ಟ್ರಿಪ್ ದುರಸ್ತಿಯನ್ನು ಕಾರಿನವರೇ ಕಲಿತರೆ ಅರ್ಧ ಆತಂಕ ಕಳೆಯುತ್ತದೆ. ಮೊಳೆ ಕಿತ್ತು, ಅರದಂಥ ಸಲಾಕೆಯಿಂದ ರಂಧ್ರವನ್ನು ಉಜ್ಜಿ ಹದಮಾಡಿ, ಅಂಟು ಸವರಿದ ರಬ್ಬರ್ ಪಟ್ಟಿಯನ್ನು ಸೂಜಿಯ ಕಣ್ಣಿಗೆ ಪೋಣಿಸಿ ಒಳಗೆ ತುರುಕಿ, ಸೂಜಿಯನ್ನಷ್ಟೇ ಹೊರಗೆಳೆದು, ಉಳಿದ ಬಾಲವನ್ನು ಕತ್ತರಿಸುವ ಈ ಕೆಲಸಕ್ಕೆ ಚಕ್ರವನ್ನು ಬಿಚ್ಚುವ ಅಗತ್ಯವೂ ಅನೇಕ ಸಲ ಬೀಳುವುದಿಲ್ಲ. ಕಂಪನಿಯ ಕಿಟ್‌ನಲ್ಲಿ ಇದರ ಸಾಮಗ್ರಿ ಇರುವುದು ಅಪರೂಪ, ಹೊರಗೆ ಕೆಲವೇ ನೂರು ರೂಪಾಯಿಗೆ ದೊರೆಯುತ್ತದೆ. ಸೀಲೆಂಟಿನಂತೆ ಒಂದೇ ಸಲಕ್ಕೆ ಮುಗಿಯದೆ ನಾಲ್ಕಾರು ರಂಧ್ರಗಳಿಗೆ ಸಾಲುವುದರಿಂದ ಜಾಲಿ ಮುಳ್ಳಿನ ಸೀಮೆಗೆ ಬಾಟಲಿಗಿಂತ ಇದೇ ಯೋಗ್ಯವಾದದ್ದು. ಸೀಲೆಂಟ್ ಹಾಕಿದ ಟೈರನ್ನು ಅಂಗಡಿಗೆ ಒಯ್ದಾಗ ಆ ವಿಷಯವನ್ನು ಮೊದಲೇ ಹೇಳುವುದು ಒಳ್ಳೆಯದು. ಒಳಗಿನ ಅಂಟನ್ನು ತೊಳೆಯದೆ ಪ್ಯಾಚ್ ಕೂರುವುದಿಲ್ಲ, ಒತ್ತಡದ ಸೆನ್ಸರಿನ ಮೇಲೂ ದ್ರವ ಮೆತ್ತಿಕೊಂಡಿರುತ್ತದೆ. ಬಾಟಲಿಯ ಮೇಲೆ ಅವಧಿ ಮುಗಿಯುವ ದಿನಾಂಕ ಇರುತ್ತದೆ. ಸಾಮಾನ್ಯವಾಗಿ ನಾಲ್ಕೈದು ವರ್ಷಕ್ಕೆ ದ್ರವ ಗಟ್ಟಿಯಾಗುವುದರಿಂದ ಹಳೆಯ ಕಾರು ಕೊಳ್ಳುವವರು ಅದನ್ನು ನೋಡಲೇಬೇಕು.

ಇಷ್ಟರ ಮೇಲೂ ಸೀಳಿದ ಪಕ್ಕೆಗೆ ಪರಿಹಾರ ಇನ್ನೊಂದು ಚಕ್ರವೇ. ಅಂಗಡಿಗಳು ಹತ್ತಿರವಿರುವ ನಗರದಲ್ಲಿ ಅದಿಲ್ಲದೆ ನಡೆಯಬಹುದು. ಆದರೆ ದಿನವೂ ಸೂಳೆಕೆರೆಯ ಸುತ್ತಲಿನ ಹಳ್ಳಿಗಳಿಗೋ ಜಗಳೂರಿನ ಒಳಭಾಗಕ್ಕೋ ರಾತ್ರಿಹೊತ್ತು ಓಡಾಡುವವರು, ಫೆಬ್ರುವರಿಯಲ್ಲಿ ಸೇವಾಲಾಲ್ ಜಯಂತಿಗೆಂದು ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ಕುಟುಂಬ ಸಮೇತ ದೂರದಿಂದ ಬರುವವರು ಡಿಕ್ಕಿಯ ಜಾಗ ಬಿಟ್ಟುಕೊಟ್ಟಾದರೂ ಸ್ವಂತ ಖರ್ಚಿನಲ್ಲಿ ಒಂದು ಚಕ್ರ ಇಟ್ಟುಕೊಳ್ಳುವುದು ಲೇಸು. ಅದರ ಬೋಲ್ಟ್ ರಂಧ್ರಗಳ ಸಂಖ್ಯೆ, ಅವುಗಳ ನಡುವಿನ ಅಂತರ, ಟೈರಿನ ಹೊರಸುತ್ತು ಇವು ಕಾರಿನ ಚಕ್ರಕ್ಕೆ ಹೊಂದಬೇಕು. ಸ್ಟೆಪ್ನಿ ಇಲ್ಲದೆ ಬರುವ ಕಾರಿನಲ್ಲಿ ಜಾಕ್ ಮತ್ತು ವೀಲ್ ಸ್ಪ್ಯಾನರ್ ಕೂಡ ಇಲ್ಲದಿರಬಹುದು. ವಿದ್ಯುತ್ ಕಾರಿನ ತಳದಲ್ಲಿ ಬ್ಯಾಟರಿ ಇರುವುದರಿಂದ ಕೈಪಿಡಿಯಲ್ಲಿ ತೋರಿಸಿದ ಜಾಗದಲ್ಲಲ್ಲದೆ ಬೇರೆಲ್ಲೂ ಜಾಕ್ ಹಚ್ಚಬಾರದು. ಡಿಕ್ಕಿಯಲ್ಲಿ ಇಟ್ಟ ಚಕ್ರವನ್ನು ಬೆಲ್ಟಿನಿಂದ ಬಿಗಿದು ಕಟ್ಟಬೇಕು, ಇಲ್ಲದಿದ್ದರೆ ಜೋರಾಗಿ ಬ್ರೇಕ್ ಹಾಕಿದಾಗ ಅಷ್ಟು ತೂಕದ ವಸ್ತು ಹಿಂದಿನ ಸೀಟಿಗೆ ಬಂದು ಅಪ್ಪಳಿಸುತ್ತದೆ.