ಗಾಯಗೊಂಡ ಶ್ವಾಸಕೋಶ ಮತ್ತು ಇಂಗಾಲಾಮ್ಲ ವಾಯು

ನಾವು ಉಸಿರಿನೊಡನೆ ಹೊರಬಿಡುವ ಇಂಗಾಲಾಮ್ಲ ವಾಯುವನ್ನು, ಎಂದರೆ ಕಾರ್ಬನ್ ಡೈಆಕ್ಸೈಡನ್ನು, ದೇಹದ ಕಸವೆಂದು ಎಣಿಸುವುದು ವಾಡಿಕೆ. ಆದರೆ ಸಾಮಾನ್ಯ ಸ್ಥಿತಿಯಲ್ಲಿ ಉಸಿರಾಟವನ್ನು ನಿಯಂತ್ರಿಸುವುದು ಮುಖ್ಯವಾಗಿ ಈ ವಾಯುವೇ ಎಂದು ಹಾಲ್ಡೇನ್ ಮತ್ತು ಪ್ರೀಸ್ಟ್ಲಿ ಎಂಬ ವಿಜ್ಞಾನಿಗಳು 1905ರಲ್ಲಿಯೇ ತೋರಿಸಿಕೊಟ್ಟರು. ರಕ್ತದಲ್ಲಿ ಇದರ ಪ್ರಮಾಣ ಹೆಚ್ಚಿದರೆ ಗಾಯಗೊಂಡ ಶ್ವಾಸಕೋಶದ ಉರಿಯೂತ ಶಮನವಾಗುವುದೋ ಉಲ್ಬಣಿಸುವುದೋ ಎಂಬುದು ಅನಂತರ ಹುಟ್ಟಿದ ಪ್ರಶ್ನೆ. ಅದಕ್ಕೆ ದೊರೆತ ಉತ್ತರಗಳು ಕಾಲಕಾಲಕ್ಕೆ ಹೇಗೆ ತಿರುವು ಪಡೆದುವೆಂಬುದನ್ನು ಇತಿಹಾಸದ ದೃಷ್ಟಿಯಿಂದ ನಿರೂಪಿಸುವುದು ಈ ಲೇಖನದ ಉದ್ದೇಶ.

1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ಹಬ್ಬಿತು. ಮೊದಲ ಮೂರು ವಾರಗಳಲ್ಲಿ ಉಸಿರಾಟದ ಯಂತ್ರಗಳ ನೆರವು ಪಡೆದ 31 ರೋಗಿಗಳಲ್ಲಿ 27 ಮಂದಿ ಮೃತರಾದರು. ಅವರ ರಕ್ತದಲ್ಲಿ ಕಂಡ ಬೈಕಾರ್ಬನೇಟಿನ ಏರಿಕೆಯನ್ನು ವೈದ್ಯರು ಕ್ಷಾರಾಧಿಕ್ಯವೆಂದು ಭಾವಿಸಿದ್ದರು. ಅದು ಹೊರಹೋಗಲಾರದೆ ಉಳಿದ ಇಂಗಾಲಾಮ್ಲ ವಾಯುವಿನ ಫಲವೆಂದು ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞರು ವಾದಿಸಿ, ಕಂಠನಾಳಕ್ಕೆ ಕೊಳವೆ ಹಾಕಿ ಕೈಚೀಲದಿಂದ ಗಾಳಿಯೂಡಿ ಅದನ್ನು ಸಿದ್ಧಪಡಿಸಿದರು. ಸುಮಾರು 1,500 ವಿದ್ಯಾರ್ಥಿಗಳು ಸರದಿಯ ಮೇಲೆ ಹಗಲಿರುಳು ಚೀಲವನ್ನೊತ್ತಿದರು. ಮರಣದ ಪ್ರಮಾಣ ಬಹಳವಾಗಿ ಇಳಿಯಿತು. ಹೀಗೆ, ರಕ್ತದಲ್ಲಿ ಈ ವಾಯುವಿನ ಒತ್ತಡವನ್ನು ಸಹಜಮಟ್ಟದಲ್ಲಿ, ಎಂದರೆ ಪಾದರಸದ 35ರಿಂದ 45 ಮಿಲಿಮೀಟರ್‌ಗಳಲ್ಲಿ, ಇರಿಸುವುದು ಚಿಕಿತ್ಸೆಯ ಸೂತ್ರವಾಯಿತು.

ತೀವ್ರ ಶ್ವಾಸಸಂಕಟದ ರೋಗಲಕ್ಷಣ ಸಮೂಹವನ್ನು 1967ರಲ್ಲಿ ಆಷ್‌ಬಾ ಮತ್ತು ಅವರ ಸಂಗಡಿಗರು ವರ್ಣಿಸಿದರು. ಇಲ್ಲಿ ಈ ಸೂತ್ರವೇ ತೊಡಕಾಯಿತು. ಇಂತಹ ಶ್ವಾಸಕೋಶದಲ್ಲಿ ಬಹುಭಾಗ ದ್ರವದಿಂದ ತುಂಬಿರುತ್ತದೆ. ಗಾಳಿಗೆ ತೆರೆದಿರುವುದು ಸ್ವಲ್ಪವೇ. ಇಂಗಾಲಾಮ್ಲ ವಾಯುವನ್ನು ತೆಗೆಯಲು ಯಂತ್ರವು ದೊಡ್ಡ ಉಸಿರನ್ನು ನೂಕಿದಾಗ ಆ ಸ್ವಲ್ಪ ಭಾಗವೇ ಮಿತಿಮೀರಿ ಹಿಗ್ಗುತ್ತದೆ. ಜೀವಕೋಶಗಳು ಘಾಸಿಗೊಂಡು ಉರಿಯೂತದ ರಾಸಾಯನಿಕಗಳನ್ನು ಬಿಡುತ್ತವೆ. ಅವು ರಕ್ತದ ಮೂಲಕ ಇತರ ಅಂಗಗಳನ್ನೂ ಮುಟ್ಟಬಲ್ಲವು. ಆದುದರಿಂದ ನ್ಯೂಜಿಲೆಂಡಿನ ಹಿಕ್ಲಿಂಗ್ ಮತ್ತು ಸಂಗಡಿಗರು 1990ರಲ್ಲಿ ಉಸಿರಿನ ಗಾತ್ರವನ್ನು ತಗ್ಗಿಸಿ, ಇಂಗಾಲಾಮ್ಲ ವಾಯು ಏರಿದರೆ ಏರಲೆಂದು ಬಿಟ್ಟ ಕ್ರಮವನ್ನು ಪ್ರಕಟಿಸಿದರು. 2000ದಲ್ಲಿ ಅಮೆರಿಕದಲ್ಲಿ 861 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ, ದೇಹತೂಕದ ಅಂದಾಜಿನ ಕಿಲೋಗ್ರಾಂ ಒಂದಕ್ಕೆ 12 ಮಿಲಿಲೀಟರ್ ಗಾಳಿ ಪಡೆದವರಲ್ಲಿ ಮರಣ ಶೇಕಡ 39.8 ಆಗಿದ್ದರೆ, 6 ಮಿಲಿಲೀಟರ್ ಪಡೆದವರಲ್ಲಿ ಶೇಕಡ 31 ಮಾತ್ರ ಆಯಿತು.

ಹಾಗಾದರೆ ಉಪಕಾರ ಮಾಡಿದುದು ಸಣ್ಣ ಉಸಿರೊಂದೆಯೋ, ಏರಿದ ವಾಯುವೂ ಸಹಾಯಕವಾಯಿತೋ? ಎರಡನೆಯದೂ ಸಾಧ್ಯವೆಂದು ಲಾಫಿ ಮತ್ತು ಕ್ಯಾವನಾ 1999ರಲ್ಲಿ ಸೂಚಿಸಿದರು. ರಕ್ತ ಸಂಚಾರ ತಡೆದು ಮತ್ತೆ ಬಿಟ್ಟು ಗಾಯಗೊಳಿಸಿದ ಮೊಲದ ಶ್ವಾಸಕೋಶಗಳಲ್ಲಿ, ಇಂಗಾಲಾಮ್ಲ ವಾಯು ಸೇರಿದ ಗಾಳಿಯನ್ನೂಡಿದಾಗ ಉರಿಯೂತದ ಮುಖ್ಯ ದೂತವಾದ ಟ್ಯೂಮರ್ ನೆಕ್ರೋಸಿಸ್ ಫ್ಯಾಕ್ಟರ್ ತಗ್ಗಿತು. ಉರಿಯೂತದ ಜೀನುಗಳನ್ನು ಎಚ್ಚರಿಸುವ ನ್ಯೂಕ್ಲಿಯರ್ ಫ್ಯಾಕ್ಟರ್ ಕಪ್ಪಾ-ಬಿ ಎಂಬ ಪ್ರೋಟೀನು ಇಂತಹ ಸ್ಥಿತಿಯಲ್ಲಿ ಮಂದವಾಗುವುದೆಂದು ಕೋಶಗಳ ಮೇಲಿನ ಪ್ರಯೋಗಗಳು ತೋರಿಸಿದುವು. ಕ್ಷಾರವನ್ನು ಕೊಟ್ಟು ಆಮ್ಲತೆಯನ್ನು ಸರಿಪಡಿಸಿದಾಗ ರಕ್ಷಣೆ ಕುಗ್ಗಿದುದರಿಂದ, ಫಲವು ಬಹುಮಟ್ಟಿಗೆ ಆಮ್ಲತೆಯದೆಂದು ಊಹಿಸಲಾಯಿತು.

ಆದರೆ ಉರಿಯೂತವು ಕೇವಲ ಹಾನಿಯಲ್ಲ. ಅದು ದೇಹದ ರಕ್ಷಣಾಸೈನ್ಯವೂ ಹೌದು. ಬ್ಯಾಕ್ಟೀರಿಯಾಗಳಿಂದ ನ್ಯುಮೋನಿಯಾ ಉಂಟುಮಾಡಿದ ಇಲಿಗಳನ್ನು 48 ಗಂಟೆಗಳ ಕಾಲ ಇದೇ ವಾಯುವಿನಲ್ಲಿರಿಸಿದಾಗ, ಬಿಳಿಯ ರಕ್ತಕಣಗಳ ಸೂಕ್ಷ್ಮಜೀವಿಭಕ್ಷಣ ಶಕ್ತಿ ಕುಂದಿ ರೋಗಾಣುಗಳೂ ಗಾಯವೂ ಹೆಚ್ಚಿದುವೆಂದು 2008ರಲ್ಲಿ ವರದಿಯಾಯಿತು. ಹರಿದ ಕೋಶಪೊರೆಗಳ ದುರಸ್ತಿಯೂ, ಗಾಳಿಗೂಡುಗಳಿಂದ ದ್ರವವನ್ನು ಹೀರಿಕೊಳ್ಳುವ ಕ್ರಿಯೆಯೂ ಇದರಿಂದ ನಿಧಾನವಾಗುವುದೆಂದು ಬೇರೆ ಪ್ರಯೋಗಗಳು ತಿಳಿಸಿದುವು. ಸೋಂಕಿಲ್ಲದ ಗಾಯದಲ್ಲಿ ಅಲ್ಪಕಾಲ ಹಿತವಾದುದು, ಸೋಂಕು ತಗುಲಿದ ಗಾಯದಲ್ಲಿ ದೀರ್ಘಕಾಲದಲ್ಲಿ ಅಹಿತವಾಗಬಹುದೆಂದು ಇದರಿಂದ ವಿದಿತವಾಗುತ್ತದೆ.

ಮನುಷ್ಯರ ವಿಷಯದಲ್ಲಿ ಸಾಕ್ಷ್ಯಗಳು ಪರಸ್ಪರ ವಿರುದ್ಧವಾಗಿವೆ. ಮೇಲೆ ಹೇಳಿದ ಅಮೆರಿಕದ ಪರೀಕ್ಷೆಯ ಅಂಕಿಗಳನ್ನು 2006ರಲ್ಲಿ ಮತ್ತೆ ಶೋಧಿಸಿದಾಗ, ದೊಡ್ಡ ಉಸಿರು ಪಡೆದವರಲ್ಲಿ ಮಾತ್ರ ಈ ಆಮ್ಲತೆಗೂ ಕಡಮೆ ಮರಣಕ್ಕೂ ಸಂಬಂಧ ಕಂಡಿತು. ಹಲವು ದೇಶಗಳ ರೋಗಿಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿಯಾದರೋ, ಒತ್ತಡ 50 ಮಿಲಿಮೀಟರ್ ಅಥವಾ ಅದಕ್ಕೂ ಮೇಲೇರಿದವರಲ್ಲಿ ಮರಣ ಹೆಚ್ಚಾಗಿತ್ತು. ಆದರೆ ಸಹವಾಸವು ಕಾರಣವಲ್ಲವೆಂಬುದನ್ನು ಇತಿಹಾಸದ ವಿದ್ಯಾರ್ಥಿಗಳಿಗೆ ವಿವರಿಸಬೇಕಾಗಿಲ್ಲ. ಹೆಚ್ಚು ಕೆಟ್ಟ ಶ್ವಾಸಕೋಶದಲ್ಲಿ ವಾಯು ಹೆಚ್ಚು ನಿಲ್ಲುತ್ತದೆ. ಆದುದರಿಂದ ಅದು ಮರಣದ ಹೇತುವೋ, ರೋಗತೀವ್ರತೆಯ ಗುರುತು ಮಾತ್ರವೋ ಎಂಬುದನ್ನು ಇಂತಹ ಅಂಕಿಗಳಿಂದಲೇ ನಿರ್ಣಯಿಸಲಾಗದು.

ಈ ಕಾರಣದಿಂದ ವೈದ್ಯರು ಶ್ವಾಸಕೋಶವನ್ನು ಉಳಿಸುವ ಸಲುವಾಗಿ ಈ ವಾಯುವಿನ ಮಿತವಾದ ಏರಿಕೆಯನ್ನು ಸಹಿಸುತ್ತಾರೆಯೇ ಹೊರತು, ಅದನ್ನೇ ಔಷಧವಾಗಿ ಕೊಡುವುದು ರೂಢಿಗೆ ಬಂದಿಲ್ಲ. ತಲೆಗೆ ಪೆಟ್ಟಾಗಿ ಮಿದುಳಿನ ಒತ್ತಡ ಹೆಚ್ಚಿರುವವರಲ್ಲಿ ಆ ಸಹನೆಯೂ ಸಲ್ಲದು; ಏಕೆಂದರೆ ಇದು ಮಿದುಳಿನ ರಕ್ತನಾಳಗಳನ್ನು ಹಿಗ್ಗಿಸುತ್ತದೆ. 1952ರಲ್ಲಿ ಕಂಡ ಏರಿಕೆ ನಿಷ್ಕ್ರಿಯವಾದ ಸ್ನಾಯುಗಳ ಸುದ್ದಿಯನ್ನು ಹೇಳುತ್ತಿತ್ತು. 1990ರಲ್ಲಿ ಕಂಡ ಏರಿಕೆ ವೈದ್ಯರೇ ತಿಳಿದು ತೆತ್ತ ಬೆಲೆಯಾಗಿತ್ತು. ಸಂಖ್ಯೆ ಒಂದೇ ಆದರೂ ಅದರ ಹಿನ್ನೆಲೆಯನ್ನು ಪ್ರತಿಯೊಬ್ಬ ರೋಗಿಯಲ್ಲಿಯೂ ಬೇರೆಯಾಗಿಯೇ ವಿಚಾರಿಸಬೇಕಾಗುತ್ತದೆ.