ಅರ್ಧ ಗೇಣು ನೀರಿನ ಒತ್ತಡ

ಕೇರಳದ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ತೋಟಗಳಲ್ಲಿ 50 ಅಡಿಯ ಅಡಿಕೆ ಮರ ಅಪರೂಪವಲ್ಲ. ಮದ್ದು ಬಿಡಲೋ ಕೊನೆ ಕೊಯ್ಯಲೋ ಹತ್ತಿದವರು ಅಷ್ಟೆತ್ತರದಿಂದ ಜಾರಿದರೆ ನೆಲ ತಲುಪಲು 2 ಸೆಕೆಂಡೂ ಬೇಡ. ಆಗಿನ ವೇಗ ಗಂಟೆಗೆ 60 ಕಿಲೋಮೀಟರಿಗೂ ಮಿಕ್ಕಿದ್ದು.

ಹಾಗೆ ಬಿದ್ದಾಗ ಪೆಟ್ಟಾಗಬಹುದಾದ ಕತ್ತಿನಲ್ಲಿ ಬೆನ್ನುಹುರಿಯ ಅಗಲ ಒಂದೂವರೆ ಸೆಂಟಿಮೀಟರಿಗೂ ಕಡಿಮೆ. ಉಸಿರೆಳೆಯುವ ವಪೆಗೆ ಆಜ್ಞೆ ಹೋಗುವುದು ಅಲ್ಲಿನ 3, 4, 5ನೇ ನರಬೇರುಗಳಿಂದ. ಪೆಟ್ಟು ಅವಕ್ಕಿಂತ ಕೆಳಗಾದರೆ ಜೀವ ಉಳಿಯುತ್ತದೆ, ಮಾತೂ ಉಳಿಯುತ್ತದೆ; ಕೈಕಾಲಿನ ಬಲ ಹೋಗಿ ಮನುಷ್ಯ ಹಾಸಿಗೆ ಹಿಡಿಯುತ್ತಾನೆ. ಮನೆಯವರು ಬೆನ್ನಿನ ಹುಣ್ಣು, ಮೂತ್ರದ ಟ್ಯೂಬ್ ಎಂದು ಹಗಲೆಲ್ಲ ಕಾಯುತ್ತಾರೆ. ರಾತ್ರಿಯ ಉಸಿರನ್ನು ಲೆಕ್ಕ ಹಾಕುವವರಿಲ್ಲ.

ಎಂಟು ಗಂಟೆಯ ನಿದ್ದೆಯಲ್ಲಿ ನಾವು ಸುಮಾರು 7,000 ಸಲ ಉಸಿರಾಡುತ್ತೇವೆ. ಕತ್ತಿನಲ್ಲಿ ಬೆನ್ನುಹುರಿಗೆ ಪೆಟ್ಟಾದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ಗಂಟಲಿನ ದಾರಿ ನಿದ್ದೆಯಲ್ಲಿ ಮುಚ್ಚಿಕೊಳ್ಳುತ್ತದೆ. ಕನಿಷ್ಠ 10 ಸೆಕೆಂಡಿನ ಅಂಥ ತಡೆಗಳು ಗಂಟೆಗೆ 30 ಆದರೆ ಕಾಯಿಲೆ ತೀವ್ರವೆಂದು ಲೆಕ್ಕ. ರಾತ್ರಿಗೆ 240, ವರ್ಷಕ್ಕೆ 87,600! ಮಗ್ಗುಲಾಗಲೂ ಆಗದ ಮನುಷ್ಯ ಇಷ್ಟನ್ನೂ ಅಂಗಾತ ಮಲಗಿಯೇ ಸಹಿಸುತ್ತಾನೆ. ಹಗಲು ತೂಕಡಿಸಿದರೆ ಮಾತ್ರೆಯ ಮಂಪರು ಎನ್ನುತ್ತೇವೆ.

ಇಂಥವರ ನಿದ್ದೆಯ ವಿಷಯದಲ್ಲಿ ನನ್ನನ್ನು ಹೆಚ್ಚು ಬೆರಗಾಗಿಸಿದ್ದು ಮೆಲಟೋನಿನ್. ಕತ್ತಲಾಯಿತೆಂದು ದೇಹಕ್ಕೆ ತಿಳಿಸುವ ಈ ರಸ ಹುಟ್ಟುವುದು ಮಿದುಳಿನ ನಡುವೆ. ಆದರೆ ಅದಕ್ಕೆ ಬೇಕಾದ ಸಂದೇಶ ಮಿದುಳಿನಿಂದ ನೇರವಾಗಿ ಅಲ್ಲಿಗೆ ಹೋಗುವುದಿಲ್ಲ. ಕತ್ತಿನ ಮೂಲಕ ಎದೆಯ ಮಟ್ಟಕ್ಕಿಳಿದು, ಹೊರಗಿನ ನರದಲ್ಲಿ ಮತ್ತೆ ಮೇಲೇರುತ್ತದೆ. ಕತ್ತಿನಲ್ಲಿ ಹುರಿ ಪೂರ್ತಿ ಕಡಿದರೆ ಕಣ್ಣಿಗೆ ಕತ್ತಲಾದರೂ ಮೆಲಟೋನಿನ್ ಏರುವುದೇ ಇಲ್ಲ.

ಮೆಲಟೋನಿನ್ ಮಾತು ಹಾಗಿರಲಿ, ಮುಚ್ಚಿದ ಗಂಟಲು ತೆರೆಯಲು ಬೇಕಾದ ಬಲವಾದರೂ ಎಷ್ಟು? 1981ರಲ್ಲಿ ಸಿಡ್ನಿಯ ಕಾಲಿನ್ ಸಲಿವನ್ ಐವರು ರೋಗಿಗಳ ಮೂಗಿಗೆ ಗಾಳಿ ಊದಿ ತೋರಿಸಿದರು. ಹಾಗೆಯೇ ಮಾಸ್ಕಿನ ಮೂಲಕ ಗಾಳಿ ಊದುವ ಇಂದಿನ ಸಿಪ್ಯಾಪ್ ಯಂತ್ರ ಕೊಡುವುದು 4ರಿಂದ 20 ಸೆಂಟಿಮೀಟರ್ ನೀರಿನ ಒತ್ತಡ. ಹತ್ತು ಸೆಂಟಿಮೀಟರ್ ಎಂದರೆ ಅರ್ಧ ಗೇಣು, ನಮ್ಮ ಸುತ್ತಲಿನ ವಾಯುಭಾರದ ನೂರರಲ್ಲಿ ಒಂದು ಪಾಲು.

ಆದರೂ ಕತ್ತಿನ ಪೆಟ್ಟಿನ ಹೊಸ ರೋಗಿಗಳ ಮೇಲೆ 11 ಕೇಂದ್ರಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಯಂತ್ರದ ಸರಾಸರಿ ಬಳಕೆ ರಾತ್ರಿಗೆ 2.9 ಗಂಟೆ ಮಾತ್ರ. ಹಗಲಿನ ಮಂಪರು ಕಡಿಮೆಯಾಯಿತು, ಗಮನಶಕ್ತಿ ಹೆಚ್ಚಲಿಲ್ಲ. ಕೈ ಏಳದವರ ಮಾಸ್ಕ್ ಜಾರಿದರೆ ಇನ್ನೊಬ್ಬರು ಏಳಬೇಕು. ಕೇರಳದಲ್ಲಿ 2008ರ ಪಾಲಿಯೇಟಿವ್ ಆರೈಕೆ ನೀತಿಯಿಂದಾಗಿ ಪಂಚಾಯತಿನ ನರ್ಸ್ ಮನೆಬಾಗಿಲಿಗೇ ಬರುತ್ತಾರೆ. ಹುಣ್ಣು ನೋಡುವಾಗಲೇ ಗೊರಕೆಯನ್ನೂ ಕೇಳಲಿ, ರಕ್ತದ ಆಮ್ಲಜನಕವನ್ನು ದಾಖಲಿಸುವ ಆಕ್ಸಿಮೀಟರನ್ನು ಒಂದು ರಾತ್ರಿ ಬೆರಳಿಗೆ ಸಿಕ್ಕಿಸಿಡಲಿ. ಸಂಶಯ ಬಂದವರನ್ನಷ್ಟೇ ಸುಮಾರು 50 ಕಿಲೋಮೀಟರ್ ದೂರದ ಮಂಗಳೂರಿಗೆ ಕರೆದೊಯ್ದರಾಯಿತು.