ಚಳಿಗಾಲದಲ್ಲಿ ಟ್ರ್ಯಾಕ್ಟರಿನ ನೀರು, ಜೀಪಿನ ಹೀಟರು

ಇಂಜಿನು ಅತಿಯಾಗಿ ಕಾದರೆ ಕೆಡುತ್ತದೆಂಬುದು ನಿಮಗೆಲ್ಲ ಗೊತ್ತಿರತಕ್ಕ ಸಂಗತಿ. ಆದರೆ ಸಾಕಷ್ಟು ಕಾಯದಿದ್ದರೂ ಕೆಡುತ್ತದೆ ಅಂದರೆ ಅನೇಕರು ನಂಬುವುದಿಲ್ಲ. "ತಂಪಾಗಿದ್ದರೆ ಒಳ್ಳೇದೇ ಅಲ್ಲವೇ ಸ್ವಾಮಿ?" ಅಂತ ನನ್ನನ್ನೇ ಕೇಳುತ್ತಾರೆ.

ಕೋಲಾರದ ಕಡೆ ಒಬ್ಬ ಯಜಮಾನರು ಹೀಗೆಯೇ ಕೇಳಿದರು. ಬೇಸಿಗೆಯಲ್ಲಿ ಅವರ ಟ್ರ್ಯಾಕ್ಟರು ಕಾಯುತ್ತಿತ್ತಂತೆ. ರಿಪೇರಿಯವರು ಥರ್ಮೋಸ್ಟಾಟನ್ನು ಕಿತ್ತುಹಾಕಿ, "ಇನ್ನು ತೊಂದರೆಯಿಲ್ಲ" ಎಂದು ಕಳಿಸಿದರು. ಬೇಸಿಗೆ ಹೇಗೋ ಕಳೆಯಿತು. ಪುಷ್ಯಮಾಸ ಬಂತು. ರಾಗಿ ಮೆದೆ ಬಿಚ್ಚಿ, ಇಬ್ಬನಿ ಆರುವ ಹೊತ್ತಿಗೆ ಕಣದಲ್ಲಿ ಟ್ರ್ಯಾಕ್ಟರು ಸುತ್ತಿಸಲು ಶುರುಮಾಡಿದರು. ನಾನು ಹೋದಾಗ ಯಜಮಾನರು ಬಹಳ ಸಂತೋಷವಾಗಿದ್ದರು. "ನೋಡಿ, ಇಂಜಿನ್ ಆಯಿಲು ಇಳಿಯೋದಿರಲಿ, ಏರ್ತಾ ಇದೆ!" ಅಂದರು. ಅಳತೆಕಡ್ಡಿ ಎಳೆದು ಮೂಸಿ ನೋಡಿದೆ. ಡೀಸೆಲ್ಲಿನ ವಾಸನೆ. ಮುಂದೆ ಇಂಜಿನು ಬಿಚ್ಚಿದಾಗ ಲೈನರೂ ರಿಂಗೂ ಸವೆದಿದ್ದವು. ಆ ವರ್ಷದ ರಾಗಿಯ ದುಡ್ಡು ಅದಕ್ಕೇ ಹೋಯಿತು.

ಇದು ಯಾಕೆ ಹೀಗಾಯಿತು? ಇಂಜಿನಿನ ಗೋಡೆ ತಣ್ಣಗಿದ್ದರೆ ಡೀಸೆಲ್ಲು ಪೂರ್ತಿ ಉರಿಯುವುದಿಲ್ಲ. ಉರಿಯದ ಡೀಸೆಲ್ಲು ಗೋಡೆಯ ಮೇಲಿನ ಆಯಿಲನ್ನು ತೊಳೆದುಕೊಂಡು ರಿಂಗುಗಳ ಪಕ್ಕದಿಂದ ಕೆಳಕ್ಕೆ ಇಳಿಯುತ್ತದೆ. ಆಯಿಲು ತೆಳ್ಳಗಾಗುತ್ತದೆ. ಇದರ ಜೊತೆಗೆ, ಉರಿದ ಹೊಗೆಯಲ್ಲಿರುವ ನೀರಿನ ಹಬೆ ತಣ್ಣನೆ ಗೋಡೆಗೆ ತಾಗಿ ಹನಿಗಟ್ಟಿ, ಗಂಧಕದ ಅಂಶದೊಡನೆ ಸೇರಿ ಆಮ್ಲವಾಗಿ ಕಬ್ಬಿಣವನ್ನು ತಿನ್ನುತ್ತದೆ. ಕಣ ಸುತ್ತುವ ಕೆಲಸ ಇದಕ್ಕೆ ಹೇಳಿಮಾಡಿಸಿದ್ದು. ಉಳುಮೆಯ ಹಾಗೆ ಭಾರವಿಲ್ಲ, ವೇಗವಿಲ್ಲ, ಮೇಲೆ ಚಳಿ ಬೇರೆ. ಆಯಿಲು ಏರಲು ಬೇರೆ ಕಾರಣಗಳೂ ಉಂಟು. ಅದು ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದು ತಿಳಿದು ಇಂಜಿನನ್ನು ಕೂಡಲೇ ನಿಲ್ಲಿಸತಕ್ಕದ್ದು.

ಇಂಜಿನಿಗೆ ಬೇಕಾದ ಕಾವನ್ನು ಕಾಯುವುದೇ ಥರ್ಮೋಸ್ಟಾಟಿನ ಕೆಲಸ. ಇಂಜಿನಿನಿಂದ ರೇಡಿಯೇಟರಿಗೆ ನೀರು ಹೋಗುವ ದಾರಿಯಲ್ಲಿ ಕೂತಿರುವ ಚಿಕ್ಕ ಬಾಗಿಲು ಅದು. ಒಳಗೆ ಮೇಣವಿದೆ. ಸುಮಾರು 80 ಡಿಗ್ರಿ ಸೆಂಟಿಗ್ರೇಡಿಗೆ ಮೇಣ ಕರಗಿ ಹಿಗ್ಗಿ ಬಾಗಿಲನ್ನು ತಳ್ಳುತ್ತದೆ. ಅಲ್ಲಿಯವರೆಗೆ ನೀರು ಇಂಜಿನಿನ ಒಳಗೇ ಸುತ್ತುತ್ತಾ ಬೇಗ ಬಿಸಿಯಾಗುತ್ತದೆ. ಬಾಗಿಲನ್ನೇ ಕಿತ್ತರೆ ಮೊದಲ ನಿಮಿಷದಿಂದಲೇ ನೀರು ರೇಡಿಯೇಟರಿಗೆ ಹೋಗಿ ತಣ್ಣಗಾಗಿ ಬರುತ್ತದೆ.

ಅದು ಸರಿಯಾಗಿದೆಯೋ ಇಲ್ಲವೋ ನೋಡಲು ಕೈ ಸಾಕು. ಬೆಳಿಗ್ಗೆ ತಣ್ಣನೆಯ ಇಂಜಿನು ಚಾಲೂ ಮಾಡಿ. ಫ್ಯಾನಿಗೆ ಬಟ್ಟೆ, ಬೆರಳು ಸಿಗದ ಹಾಗೆ ಜೋಪಾನವಾಗಿ ರೇಡಿಯೇಟರಿನ ಮೇಲಿನ ರಬ್ಬರು ಕೊಳವೆಯನ್ನು ಮುಟ್ಟಿ ನೋಡಿ. ಕೆಲವು ನಿಮಿಷ ಅದು ತಣ್ಣಗೇ ಇದ್ದು, ಆಮೇಲೆ ಥಟ್ಟನೆ ಬಿಸಿಯಾಗಬೇಕು. ಮೊದಲಿನಿಂದಲೂ ನಿಧಾನವಾಗಿ ಉಗುರುಬೆಚ್ಚಗಾಗುತ್ತಾ ಹೋದರೆ ಬಾಗಿಲು ತೆರೆದೇ ನಿಂತಿದೆ, ಇಲ್ಲವೇ ಒಳಗೆ ಬಾಗಿಲೇ ಇಲ್ಲ. ಮುಳ್ಳು ಕೆಂಪಿಗೆ ಹೋದರೂ ಕೊಳವೆ ತಣ್ಣಗಿದ್ದರೆ ಬಾಗಿಲು ಮುಚ್ಚಿಕೊಂಡು ಕಚ್ಚಿದೆ, ಅಥವಾ ನೀರೇ ಇಳಿದುಹೋಗಿದೆ. ಮತ್ತೂ ಅನುಮಾನವಿದ್ದರೆ ಥರ್ಮೋಸ್ಟಾಟನ್ನು ಬಿಚ್ಚಿಸಿ, ದಾರ ಕಟ್ಟಿ ನೀರಿನ ಪಾತ್ರೆಯಲ್ಲಿ ತೂಗುಬಿಟ್ಟು ಒಲೆಯ ಮೇಲಿಡಿ. ನೀರು ಕುದಿಯುವ ಮೊದಲೇ ಅದು ತೆರೆದುಕೊಳ್ಳಬೇಕು, ತಣ್ಣಗಾದ ಮೇಲೆ ಮುಚ್ಚಬೇಕು. ಕೆಟ್ಟಿದ್ದರೆ ಹೊಸದು ಹಾಕಿಸಿ. ಕೆಲವು ನೂರು ರೂಪಾಯಿಯ ಸಾಮಾನು. ಗಾಳಿಯಿಂದಲೇ ತಣಿಯುವ ಹಳೆಯ ಇಂಜಿನುಗಳಿಗೆ ಮಾತ್ರ ಈ ಮಾತು ಅನ್ವಯಿಸದು.

ಹಾಗಾದರೆ ಆ ಯಜಮಾನರ ಟ್ರ್ಯಾಕ್ಟರು ಬೇಸಿಗೆಯಲ್ಲಿ ಕಾದದ್ದೇಕೆ? ಎರಡು ಕಾರಣ. ಹಿಂದಿನ ಸುಗ್ಗಿಯ ರಾಗಿ ಹೊಟ್ಟು ರೇಡಿಯೇಟರಿನ ಸಂದುಗಳಲ್ಲಿ ಕಂಬಳಿಯ ಹಾಗೆ ಕೂತಿತ್ತು. ಒಳಗೆ, ಕೊಳವೆಬಾವಿಯ ಗಡಸು ನೀರು ಹಾಕಿ ಹಾಕಿ, ಬಿಸಿನೀರಿನ ಹಂಡೆಯಲ್ಲಿ ಕಟ್ಟುವಂಥದೇ ಬಿಳಿ ಗಸಿ ಕಟ್ಟಿತ್ತು. ಫ್ಯಾನು ಮುಂದಿನಿಂದ ಗಾಳಿ ಎಳೆಯುವುದರಿಂದ ಹೊಟ್ಟನ್ನು ಹಿಂದಿನಿಂದ ಮುಂದಕ್ಕೆ ಊದಿ ತೆಗೆಯಬೇಕು. ಜೋರಾಗಿ ನೀರು ಬಿಟ್ಟರೆ ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ. ಒಳಕ್ಕೆ ಕಂಪನಿಯ ಪುಸ್ತಕದಲ್ಲಿ ಹೇಳಿರುವ ಕೂಲೆಂಟನ್ನು, ಬ್ಯಾಟರಿಗೆ ಹಾಕುವ ಶುದ್ಧ ನೀರಿನಲ್ಲಿ ಬೆರೆಸಿ ಹಾಕಿ. ನಮ್ಮ ಸೀಮೆಯಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿಯಿಲ್ಲ, ನಿಜ. ಆದರೆ ಕೂಲೆಂಟು ತುಕ್ಕನ್ನೂ ತಡೆಯುತ್ತದೆ. ಕೆಲವರು ಚಳಿಗೆ ರೇಡಿಯೇಟರಿನ ಮುಂದೆ ಗೋಣಿಚೀಲ ಇಳಿಬಿಡುತ್ತಾರೆ. ಬಿಸಿಲು ಏರಿದ ಮೇಲೆ ತೆಗೆಯಲು ಮರೆಯುತ್ತಾರಾದ್ದರಿಂದ ಅದನ್ನು ನಾನು ಹೇಳಿಕೊಡುವುದಿಲ್ಲ.

ಮೂಡಿಗೆರೆ ಕಡೆಯ ಶ್ರೋತೃಗಳೊಬ್ಬರು ಕಾಗದ ಬರೆದಿದ್ದಾರೆ. ಅವರ ಜೀಪಿನ ಮುಳ್ಳು ಮೇಲೇರುತ್ತದೆ, ಹೀಟರಿನಲ್ಲಿ ಮಾತ್ರ ತಣ್ಣನೆಯ ಗಾಳಿ ಬರುತ್ತದಂತೆ. ಹೀಟರೆಂದರೆ ಬೇರೇನಲ್ಲ, ಇಂಜಿನಿನ ಬಿಸಿನೀರೇ ಹರಿಯುವ ಇನ್ನೊಂದು ಪುಟ್ಟ ರೇಡಿಯೇಟರು. ಅದಕ್ಕೆ ಎರಡು ಕೊಳವೆಗಳಿರುತ್ತವೆ. ಇಂಜಿನು ಕಾದ ಮೇಲೆ ಎರಡೂ ಬಿಸಿಯಾಗಿದ್ದರೆ ನೀರಿನ ದೋಷವಿಲ್ಲ. ಗಾಳಿ ತಿರುಗಿಸುವ ತಗಡು ಅಥವಾ ಅದರ ತಂತಿ ಕೆಟ್ಟಿದೆ. ಒಂದು ಬಿಸಿ, ಇನ್ನೊಂದು ತಣ್ಣಗಿದ್ದರೆ ಹೀಟರು ಕಟ್ಟಿಕೊಂಡಿದೆ, ಇಲ್ಲವೇ ಅದರ ನಲ್ಲಿ ಮುಚ್ಚಿದೆ. ಎರಡೂ ತಣ್ಣಗಿದ್ದು ಮುಳ್ಳು ಮೇಲಿದ್ದರೆ, ಈ ಶ್ರೋತೃಗಳಂತೆ, ನೀರು ಕಡಿಮೆಯಾಗಿದೆ ಅಥವಾ ಒಳಗೆ ಗಾಳಿ ಸಿಕ್ಕಿಕೊಂಡಿದೆ ಎಂದೇ ಮೊದಲು ಅನುಮಾನಿಸಬೇಕು. ಚಳಿಗೆ ಬೆಚ್ಚಗಾಗದೆ ಹೋದದ್ದು ದೊಡ್ಡದಲ್ಲ, ಘಾಟಿಯ ನಡುವೆ ಇಂಜಿನಿನ ತಲೆ ಬಿರಿದೀತು ಎಂಬುದೇ ದೊಡ್ಡದು. ನೀರು ತೀರಾ ಇಳಿದರೆ ಮುಳ್ಳೂ ಸುಳ್ಳು ಹೇಳಬಹುದು, ಅದನ್ನೇ ನಂಬಿ ಕೂರಬೇಡಿ.

ಇಂಜಿನು ಪೂರ್ತಿ ಆರಿದ ಮೇಲೆ ಗಾಡಿಯನ್ನು ಮೂತಿ ಎತ್ತರಕ್ಕಿರುವಂತೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು ಮುಚ್ಚಳ ತೆಗೆಯಿರಿ. ಹೀಟರಿನ ನಲ್ಲಿಯನ್ನು ತೆರೆದಿಟ್ಟು, ನೀರು ತುಂಬಿಸುತ್ತಾ ಇಂಜಿನನ್ನು ನಿಧಾನವಾಗಿ ಓಡಿಸಿದರೆ ಗಾಳಿ ಗುಳ್ಳೆಯಾಗಿ ಹೊರಟುಹೋಗುತ್ತದೆ. ಗುಳ್ಳೆ ನಿಲ್ಲದೆ ಬರುತ್ತಲೇ ಇದ್ದರೆ ಹೆಡ್ ಗ್ಯಾಸ್ಕೆಟ್ಟು ಹೋಗಿರಬಹುದು, ಮೆಕಾನಿಕ್ಕಿಗೆ ತೋರಿಸಿ. ಬಿಸಿ ಇಂಜಿನಿನ ಮುಚ್ಚಳವನ್ನು ಮಾತ್ರ ಎಂದೂ ತಿರುಗಿಸಕೂಡದು. ಒತ್ತಡದಲ್ಲಿರುವ ನೀರು 100 ಡಿಗ್ರಿಗೂ ಮೀರಿ ಕಾದಿರುತ್ತದೆ. ಮುಚ್ಚಳ ಸಡಿಲವಾದೊಡನೆ ಚಿಮ್ಮಿ ಮುಖ ಬೆಂದೀತು. ಕಾದ ಇಂಜಿನಿಗೆ ತಣ್ಣೀರು ಸುರಿಯುವುದೂ ಅಷ್ಟೇ ತಪ್ಪು.

ಇನ್ನೊಂದು ಮಾತು. ಹಳೆಯ ಕೂಲೆಂಟನ್ನು ಇಳಿಸಿದ ಬಕೆಟ್ಟನ್ನು ಕೊಟ್ಟಿಗೆಯ ಹತ್ತಿರ ಬಿಡಬೇಡಿ. ಅದು ನಾಲಿಗೆಗೆ ಸಿಹಿ, ಹೊಟ್ಟೆಗೆ ವಿಷ. ನಾಯಿಯಾಗಲಿ, ಕರುವಾಗಲಿ, ಆಡುವ ಮಗುವಾಗಲಿ ಕುಡಿದರೆ ಮೂತ್ರಪಿಂಡ ಕೆಟ್ಟು ಜೀವಕ್ಕೇ ಅಪಾಯ. ಮುಚ್ಚಳವಿರುವ ಡಬ್ಬಿಗೆ ತುಂಬಿ, ಮಕ್ಕಳ ಕೈಗೆ ಸಿಗದ ಕಡೆ ಇಟ್ಟು, ವರ್ಕ್‌ಶಾಪಿಗೆ ಒಯ್ದು ಕೊಡಿ.